ಸಭಾಂಗಣಕ್ಕೆ ಮೊದಲು ಜನರ ಲೆಕ್ಕ

ಇಗರ್ಜಿಯ ಕಚೇರಿಯ ಕಬ್ಬಿಣದ ಕಪಾಟಿನಲ್ಲಿರುವ ಜ್ಞಾನಸ್ನಾನದ ಪುಸ್ತಕವನ್ನು ಭಕ್ತರು ಬಿಡಿಸಿ ನೋಡುವುದು ಕಡಿಮೆ. ಮದುವೆಗೋ ಶಾಲೆಗೋ ಒಂದು ಸರ್ಟಿಫಿಕೇಟ್ ಬೇಕಾದಾಗ ಹೋಗಿ ಕೇಳುತ್ತೇವೆ, ಒಳಗಿದ್ದವರು ಪುಟ ತಿರುವಿ ಬರೆದುಕೊಡುತ್ತಾರೆ, ಅಷ್ಟೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದ ಮೇಲೆ, ಹಳೆಯ ಪುಸ್ತಕಗಳ ವಿವರವನ್ನು ಕಂಪ್ಯೂಟರಿಗೆ ಏರಿಸಲು ನಮ್ಮ ವಿಗಾರರು, ಅಂದರೆ ಇಗರ್ಜಿಯ ಮುಖ್ಯ ಗುರುಗಳು, ನನ್ನನ್ನು ಕರೆದರು. ಹಾಗಾಗಿ ಆ ಪುಸ್ತಕಗಳನ್ನು ಮೊದಲ ಪುಟದಿಂದ ಓದುವ ಅವಕಾಶ ಸಿಕ್ಕಿತು. ಉಡುಪಿ ಸೀಮೆಯ ನಮ್ಮಂಥ ಒಂದು ಇಗರ್ಜಿಯ ಮುಂದಿನ ಇಪ್ಪತ್ತು ವರ್ಷ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ, ನಾನು ಅವರನ್ನು ಆ ಕಪಾಟಿನ ಮುಂದೆ ಕೂರಿಸಲು ಇಷ್ಟಪಡುತ್ತೇನೆ.

ಆ ಪುಸ್ತಕದ ಪ್ರತಿ ಹೆಸರಿನ ಪಕ್ಕದಲ್ಲೂ ಸ್ವಲ್ಪ ಅಂಚು ಬಿಟ್ಟಿರುತ್ತಾರೆ. ಮಗು ಬೆಳೆದು ದೃಢೀಕರಣ ಪಡೆದಾಗ, ಮದುವೆಯಾದಾಗ, ಗುರುದೀಕ್ಷೆ ಪಡೆದಾಗ ಅದನ್ನು ಅಲ್ಲಿ ಗುರುತು ಮಾಡಬೇಕೆಂದು ಧರ್ಮಸಭೆಯ ಕಾನೂನು ಸಂಹಿತೆಯ 535ನೇ ವಿಧಿ ಹೇಳುತ್ತದೆ. ಮದುವೆ ಯಾವ ದೇಶದಲ್ಲೇ ಆಗಲಿ, ಆ ಊರಿನ ಇಗರ್ಜಿಯಿಂದ ಜ್ಞಾನಸ್ನಾನವಾದ ಇಗರ್ಜಿಗೆ ಪತ್ರ ಬರಬೇಕು. ಆದ್ದರಿಂದ ಊರಿನ ಮಕ್ಕಳು ಎಲ್ಲೆಲ್ಲಿ ಹೋಗಿ ನೆಲೆ ನಿಂತರು ಎಂಬ ಕತೆಯೂ ಆ ಅಂಚಿನಲ್ಲಿ ಸಿಗುತ್ತದೆ. ಹಳೆಯ ಹಾಳೆಗಳ ಅಂಚಿನಲ್ಲಿರುವುದು ಕಲ್ಯಾಣಪುರ, ಶಿರ್ವ, ಉದ್ಯಾವರ, ಹೆಚ್ಚೆಂದರೆ ಮಂಗಳೂರು. ಆಮೇಲೆ ಬಾಂದ್ರಾ, ಕುರ್ಲಾ, ಮಾಹಿಮ್ ಬರುತ್ತವೆ. ನನ್ನ ವಯಸ್ಸಿನವರ ಕಾಲಕ್ಕೆ ಬಂದರೆ ವಿಚಿತ್ರವೊಂದಿದೆ. ನಮ್ಮಲ್ಲಿ ಮನೆಗೊಬ್ಬರಂತೆ ಗಲ್ಫಿಗೆ ಹೋದರು, ಆದರೆ ಅಂಚಿನಲ್ಲಿ ದುಬೈ, ಕುವೈತ್, ಬಹರೈನ್ ಅಪರೂಪ. ಏಕೆಂದರೆ ಅವರು ರಜೆ ಹಾಕಿ ಊರಿಗೆ ಬಂದು, ಇಲ್ಲೇ ರೋಸ್ ಎಂಬ ಮದುವೆಗೆ ಮುಂಚಿನ ಶಾಸ್ತ್ರ ಮಾಡಿಸಿಕೊಂಡು, ಇಲ್ಲೇ ಅಥವಾ ಪಕ್ಕದ ಇಗರ್ಜಿಯಲ್ಲೇ ಮದುವೆಯಾಗಿ ಮರಳಿದವರು. ಅವರ ಮಕ್ಕಳ ಹೆಸರಿನ ಪಕ್ಕದಲ್ಲಿ ಈಗ ಟೊರಾಂಟೊ, ಮೆಲ್ಬರ್ನ್, ಡಬ್ಲಿನ್ ಎಂದು ಬರೆಯಬೇಕಾಗಿ ಬರುತ್ತಿದೆ.

ಅಂಚಿನ ಕತೆ ಇದಾದರೆ, ಪುಟಗಳದು ಇನ್ನೊಂದು. ನಾನು ಹುಟ್ಟಿದ ವರ್ಷದ ಹೆಸರುಗಳು ಪುಟಗಟ್ಟಲೆ ಇವೆ. ಈಚೆಗೆ ಒಂದು ವರ್ಷದ ಮಕ್ಕಳೆಲ್ಲ ಒಂದು ಪುಟದಲ್ಲಿ ಹಿಡಿಯುತ್ತಾರೆ, ಅದರಲ್ಲೂ ಕೆಲವರು ರಜೆಗೆ ಬಂದವರ ಮಕ್ಕಳು. ಮರಣದ ಪುಸ್ತಕ ಅದಕ್ಕಿಂತ ಬೇಗ ತುಂಬುತ್ತಿದೆ. ಇದು ನಮ್ಮೊಬ್ಬರ ಪಾಡಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದ ಹಾಗೆ ಉಳಿಯಬೇಕಾದರೆ 2.1 ಬೇಕು. ಕಡಿಮೆ ಹುಟ್ಟುವುದರ ಜೊತೆಗೆ ಹುಟ್ಟಿದವರು ಹೊರಟುಹೋಗುವುದೂ ಸೇರಿದಾಗ ಏನಾಗುತ್ತದೆ ಎಂಬುದನ್ನು ನಮ್ಮ ಕರಾವಳಿಯ ಕಥೋಲಿಕರು ಬೇರೆಯವರಿಗಿಂತ ಸ್ವಲ್ಪ ಮೊದಲೇ ನೋಡುತ್ತಿದ್ದೇವೆ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ನಮ್ಮ ಚರ್ಚ್ ಪಾಲನಾ ಮಂಡಳಿಯಲ್ಲಿ ಮುಂದಿನ ವರ್ಷಗಳಿಗೆ ಯೋಜನೆ ಬೇಕೆಂಬ ಮಾತು ಬಂದಿದೆ. ಮಾತು ಬಂದದ್ದು ನನಗೆ ಬಹಳ ಸಂತೋಷ. ಆದರೆ ಮೇಜಿನ ಮೇಲೆ ಮೊದಲು ಬಂದದ್ದು ಹೊಸ ಸಭಾಂಗಣದ ನಕ್ಷೆ. ಕೆಳಗೆ ವಾಹನ ನಿಲ್ಲಿಸುವ ಜಾಗ, ಮೇಲೆ ಊಟದ ಹಾಲ್, ಅದರ ಮೇಲೆ ಹವಾನಿಯಂತ್ರಿತ ಮದುವೆ ಹಾಲ್. ಪಕ್ಕದ ಇಗರ್ಜಿಗಳಲ್ಲೂ ಹೀಗೆಯೇ ಎಂದು ಕೇಳಿದ್ದೇನೆ. ಎಲ್ಲಿ ಹೋದರೂ ಯೋಜನೆ ಎಂದರೆ ಕಟ್ಟಡ. ಮುಂಭಾಗಕ್ಕೆ ಗ್ರಾನೈಟ್, ಗಂಟೆಗೋಪುರಕ್ಕೆ ದೀಪ, ಗ್ರೊಟ್ಟೊಗೆ ಹೊಸ ಛಾವಣಿ. ಕೊಡುವವರಿಗೂ ತಮ್ಮ ಹೆಸರಿನ ಕಲ್ಲು ಕಾಣುವಂಥ ಕೆಲಸಕ್ಕೆ ಕೊಡುವುದು ಸುಲಭ. ಅದರಲ್ಲಿ ತಪ್ಪು ಹುಡುಕುವುದು ನನ್ನ ಉದ್ದೇಶವಲ್ಲ. ಅಪ್ಪ ಅಮ್ಮನ ನೆನಪಿಗೆ ಒಂದು ಬೆಂಚು ಕೊಟ್ಟವರ ಪ್ರೀತಿ ಸುಳ್ಳಲ್ಲ.

ಆದರೆ ಸಭಾಂಗಣದ ಸಾಲ ತೀರುವುದು ಮದುವೆಗಳ ಬಾಡಿಗೆಯಿಂದ. ನಮ್ಮ ಮದುವೆ ಪುಸ್ತಕವನ್ನು ನೋಡದೆ ಆ ಬಾಡಿಗೆಯನ್ನು ಅಂದಾಜು ಮಾಡಿದ್ದೇವೆ. ಇಂದು ಇಲ್ಲಿ ಜ್ಞಾನಸ್ನಾನ ಪಡೆಯುವ ಮಗು ಮದುವೆಯಾಗುವುದು ಸುಮಾರು ಇಪ್ಪತ್ತೆಂಟು, ಮೂವತ್ತು ವರ್ಷದ ನಂತರ. ಅಂದರೆ ಇನ್ನು ಇಪ್ಪತ್ತು ವರ್ಷದಲ್ಲಿ ಮದುವೆಯಾಗಬೇಕಾದವರು ಹೆಚ್ಚುಕಡಿಮೆ ಎಲ್ಲರೂ ಈಗಾಗಲೇ ಹುಟ್ಟಿದ್ದಾರೆ, ಅವರ ಹೆಸರು ಆ ಪುಸ್ತಕದಲ್ಲಿದೆ, ಎಣಿಸಬಹುದು. ಹಾಗೆ ಎಣಿಸಿ ನೋಡಿದಾಗ ಅವರಲ್ಲಿ ಊರಿನಲ್ಲಿರುವವರು ಎಷ್ಟು, ಊರಿಗೆ ಬಂದು ಮದುವೆಯಾಗುವವರು ಎಷ್ಟು, ಊರಿಗೆ ಬಂದರೂ ಸಮುದ್ರದಂಡೆಯ ರೆಸಾರ್ಟ್ ಬಿಟ್ಟು ಇಗರ್ಜಿಯ ಹಾಲ್‌ಗೆ ಬರುವವರು ಎಷ್ಟು ಎಂಬುದು ಗೊತ್ತಾಗುತ್ತದೆ. ಬೇರೆ ಸಮುದಾಯದವರೂ ಬಾಡಿಗೆಗೆ ತೆಗೆದುಕೊಳ್ಳುತ್ತಾರೆ ಎಂದು ಮಂಡಳಿಯಲ್ಲಿ ಒಬ್ಬರು ಹೇಳಿದರು. ತೆಗೆದುಕೊಳ್ಳಬಹುದು. ಅವರ ಮನೆಗಳಲ್ಲೂ ಮಕ್ಕಳು ಒಬ್ಬರೋ ಇಬ್ಬರೋ, ಮತ್ತು ಹೆದ್ದಾರಿಯ ಉದ್ದಕ್ಕೂ ಹಾಲ್‌ಗಳಿವೆ. ಹಾಲೇ ಬೇಡವೆಂದು ನಾನು ಹೇಳುತ್ತಿಲ್ಲ, ಲೆಕ್ಕ ಮಾಡದೆ ಹಾಲ್ ಬೇಡ ಎನ್ನುತ್ತೇನೆ.

ಹಣದ ವಿಷಯದಲ್ಲಿ ನಮ್ಮವರು ಗಮನಿಸದ ಒಂದು ಬದಲಾವಣೆ ಇದೆ. ಗಲ್ಫಿನಲ್ಲಿ ದುಡಿದವರಿಗೆ ಸಾಮಾನ್ಯವಾಗಿ ಅಲ್ಲಿ ಪೌರತ್ವ ಸಿಗುವುದಿಲ್ಲ. ಅವರು ಎಷ್ಟೇ ವರ್ಷ ಇದ್ದರೂ ಭಾರತದ ಪಾಸ್‌ಪೋರ್ಟಿನವರು, ಕೆಲಸ ಮುಗಿದ ಮೇಲೆ ಊರಿಗೇ ಬರಬೇಕಾದವರು. ಊರಿನಲ್ಲಿ ಮನೆ ಕಟ್ಟಿದ್ದು, ಇಗರ್ಜಿಗೆ ಧಾರಾಳವಾಗಿ ಕೊಟ್ಟದ್ದು ಅದೇ ಕಾರಣಕ್ಕೆ. ನಾಳೆ ಬಂದು ಕೂರುವ ಬೆಂಚು ಅದು. ಕೆನಡಾ, ಆಸ್ಟ್ರೇಲಿಯಾ, ಬ್ರಿಟನ್‌ಗೆ ಹೋದ ಮಕ್ಕಳು ಹಾಗಲ್ಲ. ಕೆಲವು ವರ್ಷಗಳಲ್ಲಿ ಅಲ್ಲಿನ ಪೌರರಾಗುತ್ತಾರೆ, ಅಪ್ಪ ಅಮ್ಮ ಇರುವವರೆಗೆ ಬಂದುಹೋಗುತ್ತಾರೆ. ಅವರಿಗೆ ಮನಸ್ಸಿದ್ದರೂ ಕೊಡುವುದು ಮೊದಲಿನಷ್ಟು ಸರಳವಿಲ್ಲ. ಭಾರತೀಯ ಪಾಸ್‌ಪೋರ್ಟ್ ಇರುವ ಅನಿವಾಸಿಯೊಬ್ಬರು ತಮ್ಮ ಸಂಪಾದನೆಯಿಂದ ಬ್ಯಾಂಕಿನ ಮೂಲಕ ಇಗರ್ಜಿಗೆ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅದೇ ವ್ಯಕ್ತಿ ಬೇರೆ ದೇಶದ ಪೌರನಾದ ಮೇಲೆ, ಸಾಗರೋತ್ತರ ಭಾರತೀಯನೆಂಬ ಕಾರ್ಡು ಕೈಯಲ್ಲಿದ್ದರೂ, ಅವನ ಕಾಣಿಕೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯೊಳಗೆ ಬರುತ್ತದೆ. ಅದನ್ನು ಪಡೆಯಲು ಸಂಸ್ಥೆಗೆ ನೋಂದಣಿ ಅಥವಾ ಮುಂಚಿತ ಅನುಮತಿ ಇರಬೇಕು, 2020ರ ತಿದ್ದುಪಡಿಯ ನಂತರ ಹಣ ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಗಲ್ಫ್ ತಲೆಮಾರಿನ ಕೈ ನಂಬಿ ಹಾಕಿದ ಅಂದಾಜು ಕೆನಡಾ ತಲೆಮಾರಿಗೆ ಹೊಂದುವುದಿಲ್ಲ. ದೊಡ್ಡ ಸಾಲ ಮಾಡುವ ಮೊದಲು ಆರ್ಥಿಕ ಸಮಿತಿಯವರು ಈ ಒಂದು ಸಂಗತಿಯನ್ನಾದರೂ ಕಾಗದದ ಮೇಲೆ ಇಡಬೇಕು.

ಸಿಮಿತ್ರಿಯಲ್ಲೂ, ಅಂದರೆ ನಮ್ಮ ಸ್ಮಶಾನದಲ್ಲೂ, ಇದೇ ಕತೆ. ಗಲ್ಫಿನವರು ಮಣ್ಣಿಗೆ ಸೇರುವುದು ಇಲ್ಲೇ, ತಮ್ಮವರ ಪಕ್ಕದಲ್ಲಿ. ಕಾಂಕ್ರೀಟು ಹಾಕಿದ ಶಾಶ್ವತ ಗೋರಿಗಳಿಗೆ ಬೇಡಿಕೆ ಹೆಚ್ಚಿ, ಮಣ್ಣಿನ ಗುಂಡಿಗಳಿಗೆ ಜಾಗ ಸಾಲದಾಗಿದೆ. ಕೊಳ್ಳಲು ಶಕ್ತಿ ಇದ್ದವರ ಜಾಗ ಎಂದೆಂದಿಗೂ ಅವರದು, ಇಲ್ಲದವರ ಗುಂಡಿಯನ್ನು ಕೆಲವು ವರ್ಷದ ನಂತರ ಬೇರೆಯವರಿಗಾಗಿ ತೋಡುತ್ತೇವೆ. ಶಾಶ್ವತ ಗೋರಿ ಕಟ್ಟಿಸಿದ ಮನೆಯ ಮಕ್ಕಳು ಮುಂದೆ ಇಲ್ಲಿಗೆ ಬರುವವರೇ ಅಲ್ಲದಿದ್ದರೆ, ಮೃತರ ಸ್ಮರಣೆಯ ದಿನವಾದ ನವೆಂಬರ್ 2ರಂದು ಅಲ್ಲಿ ಮೇಣದಬತ್ತಿ ಹಚ್ಚುವವರು ಯಾರು? ಇದನ್ನು ಮಾತಾಡಲು ಎಲ್ಲರಿಗೂ ಸಂಕೋಚ. ಸತ್ತವರ ವಿಷಯ ಎತ್ತಿದರೆ ಯಾರದೋ ಮನಸ್ಸು ನೋಯುತ್ತದೆ. ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ: ಇನ್ನು ಮುಂದೆ ಶಾಶ್ವತ ಗೋರಿ ಯಾರಿಗೂ ಬೇಡ. ಎಲ್ಲರಿಗೂ ಒಂದೇ ಬಗೆಯ ಮಣ್ಣು, ಒಂದೇ ಅವಧಿ, ಆಮೇಲೆ ಹೆಸರು ಗೋಡೆಯ ಮೇಲೆ. ನನ್ನ ಗಂಡನನ್ನು ಮಣ್ಣಿನ ಗುಂಡಿಯಲ್ಲೇ ಇಟ್ಟಿದ್ದೇವೆ.

ಇರುವವರ ವಿಷಯಕ್ಕೆ ಬರೋಣ. ನಾನು ನಮ್ಮ ವಾಳೆಯ ಗುರ್ಕಾರ್. ವಾಳೆ ಎಂದರೆ ಇಗರ್ಜಿಯ ವ್ಯಾಪ್ತಿಯೊಳಗಿನ ಒಂದು ಕೇರಿ, ಅಲ್ಲಿಯ ಮನೆಗಳ ಕಷ್ಟಸುಖವನ್ನು ವಿಗಾರರಿಗೆ ತಿಳಿಸುವವರು ಗುರ್ಕಾರ್. ಈಸ್ಟರಿಗೆ ಮೊದಲು ಪಟ್ಟಿ ಹಿಡಿದು ಮನೆಮನೆಗೆ ಹೋಗುತ್ತೇನೆ. ಪಟ್ಟಿಯಲ್ಲಿರುವ ಮನೆಗಳಲ್ಲಿ ಹಲವಕ್ಕೆ ಬೀಗ. ಅಂಗಳಕ್ಕೆ ಇಂಟರ್‌ಲಾಕ್ ಹಾಕಿದ, ಗೇಟಿಗೆ ಕ್ಯಾಮೆರಾ ಇಟ್ಟ ದೊಡ್ಡ ಮನೆಗಳು. ತೆಂಗಿನಕಾಯಿ ಬಿದ್ದಲ್ಲೇ ಮೊಳೆತಿರುತ್ತವೆ. ಕೆಲವು ಮನೆಗಳಲ್ಲಿ ಒಬ್ಬರೇ ಇದ್ದಾರೆ. ನಮ್ಮ ವಾಳೆಯ ಒಬ್ಬ ಅಜ್ಜಿ, ಎಂಬತ್ತು ದಾಟಿದವರು, ಬಾಗಿಲು ತೆರೆಯಲು ಐದು ನಿಮಿಷ ತೆಗೆದುಕೊಳ್ಳುತ್ತಾರೆ. ವಾಕರ್ ಎಳೆಯುವ ಸದ್ದು ಕೇಳಿಸುತ್ತದೆ, ಆಮೇಲೆ ಮೇಲಿನ ಚಿಲಕ, ಆಮೇಲೆ ಕೆಳಗಿನದು. ಫ್ರಿಜ್ಜಿನ ಬಾಗಿಲಿನ ಮೇಲೆ ಮಗ ದೊಡ್ಡ ಅಕ್ಷರದಲ್ಲಿ ನಂಬರು ಬರೆದು ಅಂಟಿಸಿದ್ದಾನೆ: ತನ್ನದು, ಡಾಕ್ಟರದು, ರಿಕ್ಷಾದವನದು. ಇಗರ್ಜಿಯ ನಂಬರು ಇರಲಿಲ್ಲ. “ಫಾದರಿಗೆ ಕೆಲಸ ಸುಮಾರು ಉಂಟಲ್ಲ ಟೀಚರ್, ಅವರಿಗೆ ಯಾಕೆ ಉಪದ್ರ” ಎಂದರು. ಇಗರ್ಜಿಯಿಂದ ತಿಂಗಳಿಗೊಮ್ಮೆ ಪರಮಪ್ರಸಾದ ತಂದುಕೊಡುತ್ತಾರೆ, ಅದಕ್ಕೆ ಅಜ್ಜಿ ಹಿಂದಿನ ದಿನದಿಂದಲೇ ಬಿಳಿಯ ಮೇಜುಬಟ್ಟೆ ತೆಗೆದಿಡುತ್ತಾರೆ. ಉಳಿದ ದಿನಗಳಲ್ಲಿ ಮೊಬೈಲಿನಲ್ಲಿ ಪೂಜೆ ನೋಡುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಶುರುವಾದ ಅಭ್ಯಾಸ ಅದು. ಕಾಲು ನಡೆಯದವರಿಗೆ ಅದು ಆಸರೆಯಾಗಿಯೇ ಉಳಿದಿದೆ.

ಇಂಥವರು ನಮ್ಮ ಇಗರ್ಜಿಯಲ್ಲಿ ಎಷ್ಟು ಮಂದಿ ಎಂದು ಪಾಲನಾ ಮಂಡಳಿಯಲ್ಲಿ ಕೇಳಿದೆ. ಯಾರ ಬಳಿಯೂ ಪಟ್ಟಿ ಇರಲಿಲ್ಲ. ಆರೋಗ್ಯ ಆಯೋಗ ಇದೆ, ಕುಟುಂಬ ಆಯೋಗ ಇದೆ. ಒಟ್ಟು 21 ಆಯೋಗಗಳಿವೆ, ಪ್ರತಿಯೊಂದಕ್ಕೂ ಸಂಚಾಲಕರಿದ್ದಾರೆ. ಒಂದು ಆಯೋಗದ ಪಟ್ಟಿ ಇನ್ನೊಂದಕ್ಕೆ ಗೊತ್ತಿಲ್ಲ. ವಾಳೆಗಳ ಗುರ್ಕಾರ್‌ಗಳೆಲ್ಲ ಸೇರಿ ಒಂದು ಸಂಜೆ ಕೂತರೆ ಆ ಪಟ್ಟಿ ಆಗುತ್ತದೆ, ಏಕೆಂದರೆ ಯಾರ ಮನೆಯಲ್ಲಿ ಯಾರು ಒಬ್ಬರೇ ಇದ್ದಾರೆಂದು ನಮಗೆಲ್ಲ ಬಾಯಿಪಾಠ. ಅದು ಬರವಣಿಗೆಗೆ ಇಳಿದಿಲ್ಲ, ಆದ್ದರಿಂದ ಯೋಜನೆಯಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ.

ಇಂಥವರಿಗಾಗಿ ಬಳಸಬಹುದಾದ ಒಂದು ಕಟ್ಟಡ ನಮ್ಮ ಕಾಂಪೌಂಡಿನಲ್ಲೇ ಹೆಚ್ಚುಕಡಿಮೆ ಖಾಲಿ ಇದೆ, ಕನ್ನಡ ಮಾಧ್ಯಮದ ಅನುದಾನಿತ ಹಿರಿಯ ಪ್ರಾಥಮಿಕ ಶಾಲೆ. ನಾನು ಕಲಿತದ್ದು ಅಲ್ಲಿ. ನಮ್ಮ ಊರಿನ ಮೊಗವೀರರು, ಬಂಟರು, ಬಿಲ್ಲವರು, ಬ್ಯಾರಿಗಳು ಎಲ್ಲರೂ ಕಲಿತದ್ದು ಅಲ್ಲೇ. ಹಾಗಾಗಿ ಆ ಕಟ್ಟಡದ ಭವಿಷ್ಯ ಕಥೋಲಿಕರ ಮನೆಯೊಳಗಿನ ವಿಷಯ ಮಾತ್ರವಲ್ಲ, ಊರಿನದು. ಈ ಲೇಖನವನ್ನು ನಮ್ಮ ಧರ್ಮಪ್ರಾಂತ್ಯದ ಪತ್ರಿಕೆಗೆ ಕಳಿಸದೆ ಎಲ್ಲರೂ ಓದುವ ಪತ್ರಿಕೆಗೆ ಬರೆದದ್ದೂ ಅದಕ್ಕೇ. ಈಗ ಅಲ್ಲಿ ತರಗತಿಗಿಂತ ಕೋಣೆಗಳು ಹೆಚ್ಚು. ಖಾಲಿ ಇರುವ ಎರಡು ಕೋಣೆಗಳಲ್ಲಿ ಹಗಲು ಹೊತ್ತು ವಯಸ್ಸಾದವರು ಬಂದು ಕೂರುವ, ಗಂಜಿ ಊಟ ಮಾಡುವ, ರಕ್ತದೊತ್ತಡ ನೋಡಿಸಿಕೊಳ್ಳುವ ವ್ಯವಸ್ಥೆ ಮಾಡಬಹುದು. ಯಾವ ಧರ್ಮದವರಿಗೂ ಬಾಗಿಲು ತೆರೆದಿರಬೇಕು. ಶಾಲೆಯ ಕಟ್ಟಡವನ್ನು ಬೇರೆ ಕೆಲಸಕ್ಕೆ ಬಳಸಲು ಇಲಾಖೆಯ ಒಪ್ಪಿಗೆ ಬೇಕು, ಇಳಿಜಾರು ದಾರಿ, ಶೌಚಾಲಯದಲ್ಲಿ ಹಿಡಿಕೆ, ಇಬ್ಬರು ಆರೈಕೆಯವರು, ಒಂದು ವ್ಯಾನ್ ಬೇಕು. ನಿವೃತ್ತ ನರ್ಸ್‌ಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಗಲ್ಫಿನ ಆಸ್ಪತ್ರೆಗಳಲ್ಲಿ ದುಡಿದು ಬಂದವರು. ಸಭಾಂಗಣದ ಅಂದಾಜು ಪಟ್ಟಿಯಲ್ಲಿ ಅಲಂಕಾರದ ದೀಪಗಳಿಗೆ ಎಂದು ಬರೆದಿರುವ ಮೊತ್ತದಲ್ಲೇ ಇದನ್ನು ಶುರುಮಾಡಬಹುದು.

ನಮ್ಮ ಪಟ್ಟಿಯಲ್ಲೇ ಇಲ್ಲದ ಇನ್ನೊಂದು ಗುಂಪಿದೆ. ಭಾನುವಾರದ ಎರಡನೇ ಪೂಜೆಗೆ ಹಿಂದಿನ ಬಾಗಿಲಿನ ಹತ್ತಿರ ಹತ್ತು ಹದಿನೈದು ಹುಡುಗರು ನಿಂತಿರುತ್ತಾರೆ. ಜಾರ್ಖಂಡ್, ಒಡಿಶಾ ಕಡೆಯ ಆದಿವಾಸಿ ಕಥೋಲಿಕರು. ಮೀನುಗಾರಿಕೆ ಬೋಟುಗಳಲ್ಲಿ, ಕಟ್ಟಡದ ಕೆಲಸದಲ್ಲಿ ಇರುವವರು. ಪೂಜೆ ಕೊಂಕಣಿಯಲ್ಲಿ ನಡೆಯುತ್ತದೆ. ಅವರಿಗೆ ಮಾತು ತಿಳಿಯದು, ಆದರೆ ಯಾವಾಗ ಮೊಣಕಾಲೂರಬೇಕು, ಯಾವಾಗ ಏಳಬೇಕು ಎಂಬುದು ನಮಗಿಂತ ಚೆನ್ನಾಗಿ ಗೊತ್ತು. ಪೂಜೆ ಮುಗಿದು ಕೊನೆಯ ಗೀತೆ ಶುರುವಾಗುವಷ್ಟರಲ್ಲಿ ಹೊರಟಿರುತ್ತಾರೆ. ಅವರ ಹೆಸರು ನಮ್ಮ ಯಾವ ಪುಸ್ತಕದಲ್ಲೂ ಇಲ್ಲ, ಏಕೆಂದರೆ ಕುಟುಂಬದ ಕಾರ್ಡು ಮಾಡಿಸಲು ಮನೆ ಬೇಕು, ವಾಳೆ ಬೇಕು. ಅವರಲ್ಲಿ ಒಬ್ಬ ಈಚೆಗೆ ಹೆಂಡತಿ ಮತ್ತು ಎರಡು ವರ್ಷದ ಮಗುವನ್ನು ಕರೆದುಕೊಂಡು ಬಂದಿದ್ದಾನೆ, ಬಾಡಿಗೆ ಕೋಣೆ ಹಿಡಿದಿದ್ದಾನೆ. ಅಂದರೆ ಉಳಿಯಲು ಬಂದಿದ್ದಾನೆ. ಜ್ಞಾನಸ್ನಾನದ ಪುಸ್ತಕ ತೆಳ್ಳಗಾಗುತ್ತಿದೆ ಎಂದು ಚಿಂತಿಸುವ ನಾವು, ಹಿಂದಿನ ಬಾಗಿಲಿನಲ್ಲಿ ಮಗುವನ್ನು ಎತ್ತಿಕೊಂಡು ನಿಂತವನನ್ನು ಇನ್ನೂ ಮಾತಾಡಿಸಿಲ್ಲ. ಧರ್ಮಸಭೆಯ ಕಾನೂನಿನ ಪ್ರಕಾರ ಧರ್ಮಕೇಂದ್ರ, ಅಂದರೆ ಒಂದು ಇಗರ್ಜಿಯ ಭಕ್ತಸಮುದಾಯ, ಸಾಮಾನ್ಯವಾಗಿ ಒಂದು ಭೂಪ್ರದೇಶಕ್ಕೆ ಸೇರಿದ್ದು. ಆ ಪ್ರದೇಶದಲ್ಲಿ ನೆಲೆಸಿದ ಕಥೋಲಿಕರೆಲ್ಲ ಅದರ ಮಕ್ಕಳು, ಭಾಷೆ ಯಾವುದೇ ಇರಲಿ. ತಿಂಗಳಿಗೆ ಒಂದು ಹಿಂದಿ ಪೂಜೆ, ಒಬ್ಬ ಗುರ್ಕಾರ್, ಒಂದು ಫೋನ್ ನಂಬರು. ಶುರುಮಾಡಲು ಇಷ್ಟು ಸಾಕು, ಇದಕ್ಕೆ ಹಣವೇ ಬೇಡ.

ದೇವರು ನೋಡಿಕೊಳ್ಳುತ್ತಾನೆ, ಇಷ್ಟೆಲ್ಲ ಲೆಕ್ಕ ಯಾಕೆ ಎನ್ನುವವರಿದ್ದಾರೆ. 1784ರಲ್ಲಿ ನಮ್ಮವರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಇಗರ್ಜಿಗಳು ನೆಲಸಮವಾದವು, 1799ರ ನಂತರ ಬದುಕಿ ಬಂದವರು ಸೋಗೆಯ ಮಾಡಿನಲ್ಲಿ ಮತ್ತೆ ಶುರುಮಾಡಿದರು, ಯಾವ ಯೋಜನೆ ಇತ್ತು ಎಂದು ಕೇಳುತ್ತಾರೆ. ಅವರ ಶ್ರದ್ಧೆಗೆ ನಾನು ತಲೆಬಾಗುತ್ತೇನೆ. ಆದರೆ ಅವರ ಬಳಿ ಮಕ್ಕಳಿದ್ದರು. ಅಲ್ಲಿಂದ ಮುಂದೆ ನೂರೈವತ್ತು ವರ್ಷ ನಮ್ಮ ಇಗರ್ಜಿಗಳು ಬೆಳೆದದ್ದು ಒಡೆದು ಒಡೆದು. ಮಾತೃ ಇಗರ್ಜಿ ತುಂಬಿದಾಗ ದೂರದ ವಾಳೆಗಳು ಬೇರೆ ಇಗರ್ಜಿಯಾದವು. 2012ರಲ್ಲಿ ಮಂಗಳೂರು ಧರ್ಮಪ್ರಾಂತ್ಯದಿಂದ ಉಡುಪಿ ಬೇರೆಯಾಯಿತು. ಬೆಳೆಯುವ ಕಾಲದ ಆಡಳಿತ ನಮಗೆ ಚೆನ್ನಾಗಿ ಗೊತ್ತು. ಕುಗ್ಗುವ ಕಾಲದ ಆಡಳಿತವನ್ನು ಯಾರೂ ಕಲಿಸಿಲ್ಲ.

ಕಲಿಯದಿದ್ದರೆ ಏನಾಗುತ್ತದೆಂದು ನೋಡಲು ನಮ್ಮ ಮಕ್ಕಳು ವಾಸವಾಗಿರುವ, ನಮ್ಮ ಗುರುಗಳು ಹೋಗಿ ಸೇವೆ ಮಾಡುತ್ತಿರುವ ದೇಶಗಳ ಕಡೆಗೆ ನೋಡಬಹುದು. ಅಮೆರಿಕದ ಬಾಸ್ಟನ್ ಮಹಾಧರ್ಮಪ್ರಾಂತ್ಯ 2004ರಲ್ಲಿ 60ಕ್ಕೂ ಹೆಚ್ಚು ಧರ್ಮಕೇಂದ್ರಗಳನ್ನು ಮುಚ್ಚುವುದಾಗಿ ಪ್ರಕಟಿಸಿತು. ಸ್ಕಿಟುಯೇಟ್ ಎಂಬ ಊರಿನ ಸಂತ ಫ್ರಾನ್ಸೆಸ್ ಝೇವಿಯರ್ ಕ್ಯಾಬ್ರಿನಿ ಇಗರ್ಜಿಯ ಜನರು ಅದನ್ನು ಒಪ್ಪದೆ ಸರದಿಯ ಮೇಲೆ ಹಗಲು ರಾತ್ರಿ ಒಳಗೇ ಕೂತರು. 11 ವರ್ಷಕ್ಕೂ ಹೆಚ್ಚು ಕಾಲ ಕೂತು, ರೋಮ್‌ವರೆಗೆ ಮೇಲ್ಮನವಿ ಒಯ್ದು, ಅಮೆರಿಕದ ಕೋರ್ಟುಗಳಲ್ಲೂ ಸೋತು, 2016ರ ಮೇ ತಿಂಗಳಲ್ಲಿ ಹೊರಬಂದರು. ಪಿಟ್ಸ್‌ಬರ್ಗಿನಲ್ಲಿ 188 ಧರ್ಮಕೇಂದ್ರಗಳು ಕೆಲವೇ ವರ್ಷಗಳಲ್ಲಿ 57 ಆದವು. ಜರ್ಮನಿಯ ಟ್ರಿಯರ್ ಧರ್ಮಪ್ರಾಂತ್ಯ 887 ಧರ್ಮಕೇಂದ್ರಗಳನ್ನು 35 ದೊಡ್ಡ ಘಟಕಗಳಾಗಿ ಮಾಡಲು ಹೊರಟಾಗ, 2019ರ ನವೆಂಬರಿನಲ್ಲಿ ವ್ಯಾಟಿಕನ್ನೇ ಅದನ್ನು ತಡೆಹಿಡಿಯಿತು. ಅಲ್ಲಿಯ ಸ್ಥಿತಿ ಬೇರೆ, ನಮ್ಮದು ಬೇರೆ. ನಮ್ಮ ಇಗರ್ಜಿಗಳು ಭಾನುವಾರ ಇನ್ನೂ ತುಂಬುತ್ತವೆ, ಅತ್ತೂರಿನ ಸಂತ ಲಾರೆನ್ಸರ ಹಬ್ಬಕ್ಕೆ ಸೇರುವ ಜನಸಾಗರವನ್ನು ನೋಡಿದವರಿಗೆ ಕುಗ್ಗುವಿಕೆಯ ಮಾತೇ ಅಸಂಬದ್ಧ ಎನ್ನಿಸಬಹುದು. ನಾನು ಅಲ್ಲಿಂದ ತೆಗೆದುಕೊಳ್ಳುವ ಪಾಠ ಒಂದೇ. ಗುರುಗಳೂ ಹಣವೂ ಇನ್ನು ಸಾಲವು ಎಂಬ ಹಂತ ಬಂದ ಮೇಲೆ ಮಾಡಿದ ಯೋಜನೆ ಮೇಲಿನಿಂದ ಬಂತು, ನಕ್ಷೆಯ ಮೇಲೆ ಗೆರೆ ಎಳೆಯುವ ಯೋಜನೆಯಾಯಿತು, ಜನ ಅದನ್ನು ಶಿಕ್ಷೆಯೆಂದೇ ತಿಳಿದರು. ನಮಗೆ ಇನ್ನೂ ಸಮಯವಿದೆ. ಬೆಂಚುಗಳು ತುಂಬಿರುವಾಗ ಮಾಡುವ ಯೋಜನೆಯಲ್ಲಿ ಆ ಬೆಂಚುಗಳಲ್ಲಿ ಕೂತವರು ಮಾತಾಡಬಹುದು.

ಮಾತಾಡಲು ನಮಗೆ ಎಷ್ಟು ಅಧಿಕಾರವಿದೆ ಎಂಬುದು ಕಷ್ಟದ ಪ್ರಶ್ನೆ. ಕಾನೂನು ಸಂಹಿತೆಯ 536ನೇ ವಿಧಿಯಂತೆ ಪಾಲನಾ ಮಂಡಳಿಗೆ ಇರುವುದು ಸಲಹೆ ಕೊಡುವ ಅಧಿಕಾರ ಮಾತ್ರ. ಧರ್ಮಕೇಂದ್ರವನ್ನು ಸ್ಥಾಪಿಸುವ, ಮುಚ್ಚುವ, ಬದಲಾಯಿಸುವ ಹಕ್ಕು 515ನೇ ವಿಧಿಯಂತೆ ಬಿಷಪರಿಗೆ ಸೇರಿದ್ದು, ಅವರು ಗುರುಗಳ ಮಂಡಳಿಯ ಅಭಿಪ್ರಾಯ ಕೇಳಬೇಕು. ಇದಕ್ಕೆ ನನ್ನ ತಕರಾರಿಲ್ಲ, ನಮ್ಮ ಧರ್ಮಸಭೆ ಹಾಗೆಯೇ ಕಟ್ಟಿದ್ದು. ತೊಂದರೆ ಆಗುತ್ತಿರುವುದು ವರ್ಗಾವಣೆಯಲ್ಲಿ. ಆರೇಳು ವರ್ಷಕ್ಕೊಮ್ಮೆ ವಿಗಾರರು ಬದಲಾಗುತ್ತಾರೆ. ಒಬ್ಬರು ವೃದ್ಧರ ಭೇಟಿಯ ತಂಡ ಕಟ್ಟುತ್ತಾರೆ, ಮುಂದಿನವರಿಗೆ ಯುವಜನರ ಮೇಲೆ ಒಲವು, ಆ ಮುಂದಿನವರು ತೋಟಕ್ಕೆ ಗಮನ ಕೊಡುತ್ತಾರೆ. ಎಲ್ಲರೂ ಪ್ರಾಮಾಣಿಕರೇ, ಎಲ್ಲರೂ ಹಗಲಿರುಳು ದುಡಿಯುವವರೇ. ಆದರೆ ಇಪ್ಪತ್ತು ವರ್ಷದಲ್ಲಿ ನಾವು ಮೂರು ಸಲ ಮೊದಲಿನಿಂದ ಶುರುಮಾಡಿರುತ್ತೇವೆ. ಇಪ್ಪತ್ತು ವರ್ಷ ಇಲ್ಲೇ ಇರುವವರು ಗುರ್ಕಾರ್‌ಗಳು, ದೊತೊರ್ನ್ (ಧರ್ಮೋಪದೇಶ) ಕಲಿಸುವ ಟೀಚರ್‌ಗಳು, ಗಾಯನ ಮಂಡಳಿಯವರು, ಗಂಟೆ ಹೊಡೆಯುವವರು. ಯೋಜನೆ ಅವರ ಕೈಯಲ್ಲಿ ಉಳಿಯಬೇಕು.

ಗುರುಗಳೂ ಮುಂದೆ ಇಷ್ಟು ಸುಲಭವಾಗಿ ಸಿಗುವುದಿಲ್ಲ. ಒಬ್ಬನೇ ಮಗನಿರುವ ಮನೆಯಿಂದ ಸೆಮಿನರಿಗೆ ಹುಡುಗ ಹೋಗುವುದು ಎಷ್ಟು ಕಷ್ಟವೆಂದು ತಾಯಂದಿರಿಗೆ ಗೊತ್ತು. ಅಗತ್ಯಬಿದ್ದರೆ ಒಬ್ಬ ಗುರುವಿಗೆ ಅಕ್ಕಪಕ್ಕದ ಹಲವು ಧರ್ಮಕೇಂದ್ರಗಳನ್ನು ವಹಿಸಲು 526ನೇ ವಿಧಿ ಅವಕಾಶ ಕೊಡುತ್ತದೆ. ನಮ್ಮಲ್ಲಿ ಒಂದು ಇಗರ್ಜಿಯಿಂದ ಇನ್ನೊಂದಕ್ಕೆ ಕೆಲವೇ ಕಿಲೋಮೀಟರು. ಹಾಗಾಗಿ ವಲಯದ ನಾಲ್ಕೈದು ಇಗರ್ಜಿಗಳು ಈಗಲೇ ಒಟ್ಟಿಗೆ ಕೂತು ಒಬ್ಬ ಲೆಕ್ಕಿಗ, ಒಂದು ವೃದ್ಧರ ವ್ಯಾನ್, ಒಂದು ಹಿಂದಿ ಪೂಜೆ, ಒಂದೇ ಸಭಾಂಗಣ ಎಂದು ಹಂಚಿಕೊಳ್ಳುವ ಅಭ್ಯಾಸ ಮಾಡಿದರೆ, ಮುಂದೊಂದು ದಿನ ಒಬ್ಬರೇ ವಿಗಾರರು ಬಂದರೂ ಯಾವ ಇಗರ್ಜಿಯನ್ನೂ ಮುಚ್ಚಬೇಕಾಗಿಲ್ಲ. ಪೋಪ್ ಫ್ರಾನ್ಸಿಸ್ 2021ರ ಜನವರಿಯಲ್ಲಿ ವಾಚಕ ಮತ್ತು ಪೀಠಸೇವಕರ ಸೇವೆಯನ್ನು ಮಹಿಳೆಯರಿಗೂ ತೆರೆದರು, ಅದೇ ವರ್ಷದ ಮೇ ತಿಂಗಳಲ್ಲಿ ಧರ್ಮಬೋಧಕರ ಸೇವೆಯನ್ನು ಸಾಮಾನ್ಯ ಭಕ್ತರಿಗೆ ಅಧಿಕೃತವಾಗಿ ಸ್ಥಾಪಿಸಿದರು. ಆ ಬಾಗಿಲು ತೆರೆದಿದೆ. ಅದಕ್ಕಾಗಿ ತರಬೇತಿ ಕೊಟ್ಟು ನಮ್ಮ ಹೆಣ್ಣುಮಕ್ಕಳನ್ನು ಸಿದ್ಧಪಡಿಸುವ ಒಂದು ಸಾಲೂ ನಮ್ಮ ಯೋಜನೆಯ ಕರಡಿನಲ್ಲಿ ಇಲ್ಲ.

ಕಾಲವೂ ಅನುಕೂಲವಾಗಿದೆ. 2024ರ ಅಕ್ಟೋಬರಿನಲ್ಲಿ ಮುಗಿದ ರೋಮ್‌ನ ಸಿನೊಡ್, ಪಾಲನಾ ಮಂಡಳಿಗಳಂಥ ಸಂಸ್ಥೆಗಳು ಕಡ್ಡಾಯವಾಗಿ ಇರಬೇಕು, ಹೆಸರಿಗೆ ಮಾತ್ರ ಇರಬಾರದು ಎಂದು ಅಂತಿಮ ದಾಖಲೆಯಲ್ಲಿ ಕೇಳಿಕೊಂಡಿದೆ. ಭಾರತದ ಲ್ಯಾಟಿನ್ ವಿಧಿಯ ಬಿಷಪರ ಮಂಡಳಿ 2033ರವರೆಗಿನ ಪಾಲನಾ ಯೋಜನೆಯನ್ನು ಹೊರತಂದಿದೆ. ಬೆಂಗಳೂರಿನಲ್ಲೋ ರೋಮ್‌ನಲ್ಲೋ ಬರೆದದ್ದು ನಮ್ಮ ವಾಳೆಗೆ ಇಳಿಯಬೇಕಾದರೆ ಯಾರಾದರೂ ಪಟ್ಟಿ ಹಿಡಿದು ಮನೆಮನೆಗೆ ಹೋಗಲೇಬೇಕು.

ನಾನು ನಮ್ಮ ಮಂಡಳಿಯ ಮುಂದೆ ಬರವಣಿಗೆಯಲ್ಲಿ ಇಟ್ಟಿರುವ ಬೇಡಿಕೆ ಹೀಗಿದೆ. ಈಸ್ಟರಿಗೆ ಮುಂಚಿನ ಮುಂದಿನ ತಪಸ್ಸು ಕಾಲದಲ್ಲಿ ಎಲ್ಲ ವಾಳೆಗಳಲ್ಲೂ ಗಣತಿ ಆಗಲಿ: ಮನೆಯಲ್ಲಿ ನಿಜಕ್ಕೂ ಮಲಗುವವರು ಎಷ್ಟು ಜನ, ಅವರ ವಯಸ್ಸೆಷ್ಟು, ಒಬ್ಬರೇ ಇರುವವರು ಯಾರು, ಬೀಗ ಹಾಕಿದ ಮನೆಯವರು ಮರಳುವವರೋ ಅಲ್ಲವೋ, ಬಾಡಿಗೆ ಕೋಣೆಗಳಲ್ಲಿ ಇರುವ ಕಥೋಲಿಕರು ಯಾರು. ಜ್ಞಾನಸ್ನಾನ, ಮದುವೆ, ಮರಣ ಈ ಮೂರೂ ಪುಸ್ತಕಗಳ ಕಳೆದ ಐವತ್ತು ವರ್ಷಗಳ ವಾರ್ಷಿಕ ಸಂಖ್ಯೆಯನ್ನು ಚರ್ಚಿನ ಸೂಚನಾ ಫಲಕದಲ್ಲಿ ಹಾಕಲಿ, ಹೆಸರು ಬೇಡ, ಸಂಖ್ಯೆ ಸಾಕು. ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕೆಂದು 1287ನೇ ವಿಧಿಯೇ ಹೇಳುವುದರಿಂದ ಆದಾಯ ಖರ್ಚೂ ಅದರ ಪಕ್ಕದಲ್ಲಿರಲಿ. ಆಮೇಲೆ ಐದು, ಹತ್ತು, ಹದಿನೈದು ವರ್ಷಗಳ ಯೋಜನೆ ಬರೆಯೋಣ. ಹಾಲ್ ಬೇಕೆಂದು ಆ ಲೆಕ್ಕ ಹೇಳಿದರೆ ಮೊದಲ ಕಾಣಿಕೆ ನನ್ನ ಪಿಂಚಣಿಯಿಂದ.

ಬಿಷಪರಲ್ಲಿ ಒಂದು ಕೋರಿಕೆ ಇದೆ. ಐದು ವರ್ಷಕ್ಕೊಮ್ಮೆಯಾದರೂ ಇಡೀ ಧರ್ಮಪ್ರಾಂತ್ಯವನ್ನು ಭೇಟಿ ಮಾಡಬೇಕಾದವರು ಅವರು. ಹಾಗೆ ನಮ್ಮಲ್ಲಿಗೆ ಬಂದಾಗ ದಾಖಲೆ ಪುಸ್ತಕಗಳ ಜೊತೆ ಈ ಯೋಜನೆಗೂ ಸಹಿ ಹಾಕಲಿ. ಹೊಸ ವಿಗಾರರು ಅಧಿಕಾರ ವಹಿಸಿಕೊಳ್ಳುವ ದಿನ ಬೀಗದ ಕೈಗಳ ಜೊತೆ ಅದನ್ನೂ ಅವರ ಕೈಗೆ ಕೊಡಲಿ. ಯೋಜನೆಯಲ್ಲಿ ಏನನ್ನಾದರೂ ಕೈಬಿಡಬೇಕೆಂದು ಅವರಿಗೆ ಕಂಡರೆ ಕೈಬಿಡಲಿ, ಆದರೆ ಯಾಕೆಂದು ಬರೆದು ಪಾಲನಾ ಮಂಡಳಿಯ ಸಭೆಯಲ್ಲಿ ಓದಲಿ, ಆ ಹಾಳೆಯ ಒಂದು ಪ್ರತಿ ಧರ್ಮಪ್ರಾಂತ್ಯದ ಕಚೇರಿಗೆ ಹೋಗಲಿ. ಇದಕ್ಕೆ ಯಾವ ಕಾನೂನೂ ಬದಲಾಗಬೇಕಿಲ್ಲ, ಬಿಷಪರ ಒಂದು ಸುತ್ತೋಲೆ ಸಾಕು.